ಲಾಭದಿಂದ ಶುರುವಾಗುವ ಹಾಡು

ಅಕ್ಕಿ ಅಳೆಯುತ್ತಿದ್ದೆ. ಹಿಂದಿನ ದಿನ ನಮ್ಮ ಮನೆಯವರು ಸೆರಂಗೂನ್ ರಸ್ತೆಯ, ನಮ್ಮ ದೇಶದ ಸಾಮಾನು ಸಿಗುವ ಅಂಗಡಿಯಿಂದ ಹತ್ತು ಕಿಲೋ ಚೀಲವನ್ನು ಟ್ಯಾಕ್ಸಿಯಲ್ಲಿ ತಂದು ಅಡುಗೆಮನೆಯ ಮೂಲೆಗೆ ಒರಗಿಸಿದ್ದರು. ಊರಿನಿಂದ ತಂದ ಹಿತ್ತಾಳೆ ಪಾವಿನಲ್ಲಿ ಅದನ್ನು ಅಳೆದು ಡಬ್ಬಕ್ಕೆ ಸುರಿಯುವುದು ನನ್ನ ಪದ್ಧತಿ. ಅಳೆದ ಮಾತ್ರಕ್ಕೆ ಅಕ್ಕಿ ಹೆಚ್ಚುವುದಿಲ್ಲ, ಗೊತ್ತು. ಆದರೂ ಅಳೆಯದೆ ಸುರಿದರೆ ಮನಸ್ಸಿಗೆ ಸಮಾಧಾನವಿಲ್ಲ. ಮೊದಲ ಪಾವಿಗೆ ನಾವು ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. ಧಾರವಾಡದ ಕಡೆಯ ನನ್ನ ತವರಿನಲ್ಲೂ ಹಾಗೇ, ಮೈಸೂರಿನ ನನ್ನ ಅತ್ತೆಮನೆಯಲ್ಲೂ ಹಾಗೇ. ಎರಡು ಮನೆಗೂ ಜಗಳವಿಲ್ಲದೆ ಹೊಂದಿಕೆಯಾದ ಸಂಗತಿಗಳು ಕಡಿಮೆ, ಅವುಗಳಲ್ಲಿ ಇದೊಂದು.

"ಲಾಭ, ಎರಡು, ಮೂರು" ಅಂತ ಹೇಳುತ್ತಾ ನಾಲ್ಕನೆಯದಕ್ಕೆ ಕೈ ಹಾಕಿದಾಗ ಗೇಟಿನ ಸರಳಿನ ಮೇಲೆ ಉಂಗುರ ತಾಗಿಸಿದ ಸದ್ದಾಯಿತು. ಬೆಲ್ ಇದ್ದರೂ ಹಾಗೆ ಉಂಗುರದಲ್ಲಿ ಬಡಿಯುವವರು ನಮ್ಮ ಬ್ಲಾಕಿನಲ್ಲಿ ಒಬ್ಬರೇ, ಮೇಲಿನ ಮಹಡಿಯ ಸ್ಪೇನ್ ದೇಶದ ಹೆಂಗಸು.

ನನಗಿಂತ ಹದಿನೈದು ವರ್ಷ ದೊಡ್ಡವರು. ಗಂಡ ಹಡಗಿನ ಎಂಜಿನ್ ರಿಪೇರಿಯ ಎಂಜಿನಿಯರ್, ಬೆಳಿಗ್ಗೆ ಎದ್ದರೆ ಸೆಂಬವಾಂಗ್ ಹಡಗುಕಟ್ಟೆ. ಅವರ ಮಹಡಿಗೆ ಲಿಫ್ಟ್ ನಿಲ್ಲುತ್ತಿರಲಿಲ್ಲ. ನಮ್ಮ ಮಹಡಿಯಲ್ಲಿ ಇಳಿದು, ನಮ್ಮ ಬಾಗಿಲ ಮುಂದೆಯೇ ಹಾದು, ಮೆಟ್ಟಿಲು ಹತ್ತಬೇಕು. ಹಳೆಯ ಬ್ಲಾಕುಗಳ ಲಿಫ್ಟ್ ಎಲ್ಲ ಮಹಡಿಗೂ ನಿಲ್ಲದಿದ್ದುದರಿಂದ ನನಗೆ ಒಬ್ಬ ಗೆಳತಿ ಸಿಕ್ಕಿದರು ಅಂದರೆ, ದೇವರು ಕೊಡುವ ದಾರಿ ಹೀಗೂ ಇರುತ್ತದೆ. ಒಂದು ಗುರುವಾರ ನಮ್ಮ ಮನೆಯಲ್ಲಿ ಭಜನೆ ನಡೆಯುತ್ತಿದ್ದಾಗ ಗೇಟಿನ ಆಚೆ ನಿಂತು, ಪೂರ್ತಿ ಕೇಳಿ, ಕೊನೆಗೆ, ಒಳಗೆ ಚಪ್ಪಾಳೆ ಹೊಡೆಯುತ್ತಿದ್ದವರು ಯಾರು ಅಂತ ವಿಚಾರಿಸಿದ್ದರು. ನಾನು ಅಂದೆ. ನಿನ್ನ ಅಂಗೈ ಒಣಗಿದೆ, ಒಳ್ಳೆಯ ಸದ್ದು ಬರುತ್ತದೆ ಅಂದರು. ಪಾತ್ರೆ ತೊಳೆದು ಒಡೆದ ಕೈಯನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಅಂದಿನಿಂದ ನಾನು ಅವರನ್ನು ಅಕ್ಕ ಅಂತ ಕರೆದೆ. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ, ಇಬ್ಬರದೂ ಹರುಕು ಇಂಗ್ಲಿಷ್. ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ದಿನ ಅಕ್ಕ ಸುದ್ದಿ ತಂದಿದ್ದರು. ಅವರು ಹಾಡುವಾಗ ತಾಳಕ್ಕೆ ಚಪ್ಪಾಳೆ ಹಾಕುವ ಗೆಳತಿಯ ಗಂಡನಿಗೆ ಇದ್ದಕ್ಕಿದ್ದಂತೆ ಜಪಾನಿಗೆ ವರ್ಗವಾಗಿ, ಆಕೆ ಹಿಂದಿನ ದಿನವೇ ವಿಮಾನ ಹತ್ತಿದ್ದಾಳೆ. ಇನ್ನು ಹತ್ತು ದಿನಕ್ಕೆ ಕಮ್ಯೂನಿಟಿ ಸೆಂಟರಿನಲ್ಲಿ ಸಂಗೀತದ ಸಂಜೆ. ಅದರಲ್ಲಿ ಅಕ್ಕನಿಗೆ ಐದು ನಿಮಿಷ. ಜೊತೆಯವಳಿಲ್ಲದಿದ್ದರೆ ಆ ಐದು ನಿಮಿಷವೂ ಇಲ್ಲ.

ಕೂರಿಸಿ ನೀರು ಕೊಟ್ಟೆ. ಅತ್ತೆ ಆಗ ಮೈಸೂರಿನಿಂದ ಬಂದು ಮೂರು ತಿಂಗಳಿಗೆಂದು ನಮ್ಮ ಜೊತೆ ಇದ್ದರು. ಅವರೂ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಕೇಳಿದರು. ಇಂಗ್ಲಿಷ್ ಬಾರದಿದ್ದರೂ ಅತ್ತೆಗೆ ಮುಖ ನೋಡಿಯೇ ಮುಕ್ಕಾಲು ಅರ್ಥವಾಗುತ್ತಿತ್ತು.

ಅಕ್ಕನ ನಾಡಿನ ಹಾಡು ಕುಣಿತಕ್ಕೆ ಫ್ಲಮೆಂಕೊ ಅಂತ ಹೆಸರು. ಕೆಂಪು ಲಂಗ, ಹಿಮ್ಮಡಿಯ ಬಡಿತ, ಗಿಟಾರು, ಇಷ್ಟು ನಾನೂ ಟೀವಿಯಲ್ಲಿ ನೋಡಿದ್ದೆ. ಆದರೆ ಆ ಹೆಸರಿನ ಕೆಳಗೆ ಒಂದು ದೊಡ್ಡ ಸಂಸಾರವೇ ಇದೆಯಂತೆ. ಕಣದಲ್ಲಿ ಹೇಸರಗತ್ತೆ ಕಟ್ಟಿ ಒಕ್ಕುವಾಗ ಹಾಡುವುದು ಒಂದು, ಕುಲುಮೆಯದು ಒಂದು, ಮಗು ಮಲಗಿಸುವುದು ಒಂದು. ಹೆಣ್ಣುಮಕ್ಕಳು ಮರಕ್ಕೆ ಹಗ್ಗ ಕಟ್ಟಿ ತೂಗಿಕೊಳ್ಳುತ್ತಾ ಹಾಡುವುದಕ್ಕೆ ಬಾಂಬೆರಾ ಅನ್ನುತ್ತಾರೆ. ಹೋಟೆಲಿನಲ್ಲಿ, ಪ್ರವಾಸಿಗರ ಮುಂದೆ, ನಾಲ್ಕೈದು ಜೋರಿನ ಹಾಡುಗಳನ್ನೇ ಎಲ್ಲರೂ ಕೇಳುತ್ತಾರೆ. ಉಳಿದವನ್ನು ಯಾರೂ ಕೇಳುವುದಿಲ್ಲ. ಒಕ್ಕುವ ಮೆಷಿನ್ ಬಂತು, ಕಣದ ಹಾಡಿಗೆ ಕೆಲಸವಿಲ್ಲವಾಯಿತು. ಮರಕ್ಕೆ ಹಗ್ಗ ಕಟ್ಟುವವರಿಲ್ಲ, ಬಾಂಬೆರಾ ಯಾಕೆ ಬೇಕು? ದೊಡ್ಡ ಗಾಯಕರು ಒಬ್ಬಿಬ್ಬರು ಅದನ್ನು ತಾಳಕ್ಕೆ ಕೂರಿಸಿ ರೆಕಾರ್ಡ್ ಮಾಡಿದ್ದರಿಂದ ಹೆಸರಾದರೂ ಉಳಿಯಿತು ಅಂತ ಅಕ್ಕ ಹೇಳುತ್ತಿದ್ದರು. ಆದರೆ ಅಕ್ಕನ ಅಮ್ಮ ಹಾಡುತ್ತಿದ್ದ ಬಾಂಬೆರಾ ಯಾವ ರೆಕಾರ್ಡಿನಲ್ಲೂ ಇಲ್ಲ. ಅದನ್ನು ಬಲ್ಲವರು ಈಗ ಭೂಮಿಯ ಮೇಲೆ ಇಬ್ಬರು, ಅಕ್ಕ ಮತ್ತು ಊರಿನಲ್ಲಿರುವ ಅವರ ದೊಡ್ಡಕ್ಕ. ದೊಡ್ಡಕ್ಕನಿಗೆ ಗಂಟಲಿನ ಆಪರೇಷನ್ ಆಗಿ ದನಿ ಹೋಗಿದೆ. ಅವರ ಪತ್ರ ಬಂದಿತ್ತು. ನೀನು ಒಬ್ಬಳೇ ಕೋಣೆಯಲ್ಲಿ ಹಾಡಿದ್ದು ಬೇಡ, ಜನರ ನಡುವೆ, ಚಪ್ಪಾಳೆಯ ಜೊತೆ, ಅಮ್ಮ ಹಾಡುತ್ತಿದ್ದ ಹಾಗೆ ಒಂದು ಸಲ ಹಾಡಿ ಕ್ಯಾಸೆಟ್ ಕಳಿಸು, ನಾನು ಹೋಗುವ ಮೊದಲು ಕೇಳಬೇಕು ಅಂತ.

ಅಷ್ಟು ಹೇಳಿ ಅಕ್ಕ ನನ್ನ ಪಾವಿನ ಕಡೆ ನೋಡಿದರು. ಗೇಟಿನ ಹೊರಗೆ ನಿಂತಾಗ ನಾನು ಎಣಿಸುವುದು ಕೇಳಿಸಿತ್ತಂತೆ. ನಮ್ಮ ಭಾಷೆಯಲ್ಲಿ ಒಂದಕ್ಕೆ ಏನನ್ನುತ್ತೇವೆ ಅನ್ನುವುದು ಅವರಿಗೆ ನನ್ನ ಮಗಳಿಂದ ಗೊತ್ತು. ನಾನು ಹೇಳಿದ ಮೊದಲ ಮಾತು ಅದಲ್ಲವಲ್ಲ ಅಂದರು.

ಲಾಭದ ವಿಷಯ ಬಿಡಿಸಿ ಹೇಳಿದೆ. ಅಕ್ಕನ ಕಣ್ಣು ಅರಳಿತು.

"ನಮ್ಮ ಹಾಡಿನ ಎಣಿಕೆಯೂ ಒಂದರಿಂದ ಶುರುವಾಗುವುದಿಲ್ಲ. ಇಷ್ಟು ವರ್ಷ ಯಾರಿಗೆ ಹೇಳಿದರೂ ನಗುತ್ತಿದ್ದರು. ನೀನೇ ನನ್ನ ಜೊತೆ ಬಾ."

ನನಗೆ ಭಯವಾಯಿತು. ದೇವರ ಮುಂದೆ ಬಿಟ್ಟರೆ ಬೇರೆಲ್ಲೂ ಚಪ್ಪಾಳೆ ಹೊಡೆದವಳಲ್ಲ. ಸ್ಟೇಜು, ಮೈಕು, ಜನ! ಅತ್ತೆಯ ಕಡೆ ನೋಡಿದೆ, ಬೇಡ ಅನ್ನುತ್ತಾರೆಂಬ ಆಸೆಯಿಂದ. ವಿಷಯ ತಿಳಿಸಿದಾಗ ಅತ್ತೆ ಸೊಪ್ಪಿನ ಕಡ್ಡಿ ಮುರಿಯುತ್ತಾ, "ಹೋಗಮ್ಮ. ಕಡಲು ದಾಟಿ ಬಂದಿದ್ದಕ್ಕೆ ಚಪ್ಪಾಳೆ ತಟ್ಟೋ ಕೆಲಸನಾದ್ರೂ ಸಿಕ್ತಲ್ಲ" ಅಂದರು. ಅದು ಒಪ್ಪಿಗೆಯೋ ಚುಚ್ಚುಮಾತೋ ಇವತ್ತಿಗೂ ಖಚಿತವಿಲ್ಲ. ನಾನು ಒಪ್ಪಿಗೆ ಅಂತಲೇ ತೆಗೆದುಕೊಂಡೆ.

ಮರುದಿನದಿಂದ ಅಭ್ಯಾಸ. ಮನೆಯೊಳಗೆ ಹೊಡೆದರೆ ಪಕ್ಕದ ಮನೆಯ ಮಗು ಏಳುತ್ತದೆಂದು ಕೆಳಗೆ ವಾಯ್ಡ್ ಡೆಕ್ಕಿಗೆ ಹೋದೆವು. ಬ್ಲಾಕಿನ ಅಡಿಯ ಆ ಖಾಲಿ ಜಾಗದಲ್ಲಿ ಕಂಬಗಳ ನಡುವೆ ಚಪ್ಪಾಳೆ ಚೆನ್ನಾಗಿ ಮೊಳಗುತ್ತಿತ್ತು. ಕಲ್ಲು ಮೇಜಿನ ಹತ್ತಿರ ಚೀನೀ ಅಂಕಲ್‌ಗಳು ಚೆಸ್ ಆಡುತ್ತಿದ್ದರು, ಮೇಲೆ ಅವರ ಹಕ್ಕಿ ಪಂಜರಗಳು.

ಅಕ್ಕ ಹೇಳಿಕೊಟ್ಟದ್ದು ಇಷ್ಟು. ಒಂದು ಸುತ್ತಿಗೆ ಹನ್ನೆರಡು ಪೆಟ್ಟು. ಮೂರು, ಆರು, ಎಂಟು, ಹತ್ತು, ಹನ್ನೆರಡು, ಇವು ಜೋರು, ಉಳಿದವು ಮೆಲ್ಲಗೆ. ಆದರೆ ಸುತ್ತು ತೆರೆಯುವುದು ಹನ್ನೆರಡರಿಂದ. ಹನ್ನೆರಡು ಅಂತ ಬಾಗಿಲು ತೆಗೆದು, ಆಮೇಲೆ ಒಂದು, ಎರಡು, ಮೂರು ಅಂತ ಒಳಗೆ ಹೋಗಬೇಕು.

ಹನ್ನೆರಡು ನನಗೆ ಹೊಸದೇನಲ್ಲ. ಜಪ ಮಾಡುವಾಗ ಹೆಬ್ಬೆರಳಿನಿಂದ ನಾಲ್ಕು ಬೆರಳಿನ ಗೆಣ್ಣು ಮುಟ್ಟಿಕೊಂಡು ಹೋದರೆ ಹನ್ನೆರಡೇ. ಜಂಬದಿಂದ ಅಕ್ಕನಿಗೆ ತೋರಿಸಿದೆ ಕೂಡ. ಆದರೆ ಚಪ್ಪಾಳೆಗೆ ಇಳಿದರೆ ಎಲ್ಲ ಕೆಟ್ಟಿತು. ಬಾಗಿಲು ತೆಗೆಯುವ ಪೆಟ್ಟಿಗೆ ಲಾಭ ಅನ್ನು, ನಿನಗೆ ಸುಲಭ ಅಂದಿದ್ದರು ಅಕ್ಕ. ನಾನು ಲಾಭ ಅಂದು, ಮೂವತ್ತು ವರ್ಷದ ರೂಢಿಯಂತೆ ಎರಡಕ್ಕೆ ಹೋಗಿ, ಮೂರಕ್ಕೆ ಜೋರಾಗಿ ಬಡಿಯುತ್ತಿದ್ದೆ. ಅಕ್ಕನ ಹಾಡು ಆಗಿನ್ನೂ ಎರಡರಲ್ಲಿ ಇರುತ್ತಿತ್ತು. ಪ್ರತಿ ಸುತ್ತಿನಲ್ಲೂ ನಾನು ಒಂದು ಹೆಜ್ಜೆ ಮುಂದೆ, ಬಸ್ಸು ತಪ್ಪಿಹೋಗುತ್ತದೆನ್ನುವವಳ ಹಾಗೆ. ಅಕ್ಕ ನಿಲ್ಲಿಸುವರು, ಮತ್ತೆ ಶುರುಮಾಡುವರು. ಬೇಸರ ತೋರಿಸಲಿಲ್ಲ. ಮೂರನೆಯ ದಿನ ಮಾತ್ರ ಹಾಡು ನಿಲ್ಲಿಸಿ ಕಂಬಕ್ಕೆ ಒರಗಿಬಿಟ್ಟರು. ಬರುವ ಬುಧವಾರ ಸೆಂಟರಿನ ಅಧಿಕಾರಿಣಿ ನಮ್ಮನ್ನು ಕೇಳುವವಳಿದ್ದಳು. ಜನ ಬರುವುದು ಕೆಂಪು ಲಂಗ ನೋಡಲು, ನಿಧಾನದ ಹಾಡು ಬೇಕಾದರೆ ಮೊದಲು ನನಗೆ ಹಿಡಿಸಬೇಕು ಅಂದಿದ್ದಳಂತೆ. ಅದೇ ಸಂಜೆಯ ಫ್ಲಮೆಂಕೊ ಕುಣಿತಕ್ಕೆ ಗಿಟಾರು ನುಡಿಸುವವರೂ ಆ ಹಾಡು ಯಾರಿಗೆ ಬೇಕು ಅಂದುಬಿಟ್ಟಿದ್ದರು. ಉಳಿದಿದ್ದವಳು ನಾನೊಬ್ಬಳು, ನನಗೆ ಒಂದು ಎರಡು ಬರುತ್ತಿರಲಿಲ್ಲ.

ನನ್ನ ಮಗಳಿಗೆ ಹನ್ನೆರಡು ವರ್ಷ. ಸ್ಕೂಲಿನಿಂದ ಬರುವಾಗ ನಮ್ಮನ್ನು ನೋಡಿ, ಗೆಳತಿಯರು ಕಾಣುತ್ತಾರೇನೋ ಅಂತ ಹಿಂದೆ ಮುಂದೆ ನೋಡಿಕೊಂಡು, "ಅಮ್ಮಾ, ಪ್ಲೀಸ್ ಲಾ, ಮನೇಲಿ ಮಾಡು ಲಾ" ಅಂತ ಇಲ್ಲಿನ ಮಕ್ಕಳ ಹಾಗೆ ಮಾತಿಗೊಂದು ಲಾ ಸೇರಿಸಿ ಹೇಳಿ ಲಿಫ್ಟಿಗೆ ಓಡಿದಳು.

ನಾಲ್ಕನೆಯ ದಿನ ಅತ್ತೆಯೂ ಕೆಳಗೆ ಬಂದರು. ಗಾಳಿಗೆ ಅಂದರು. ಬೆಂಚಿನ ಮೇಲೆ ಕೂತು ಎರಡು ಸುತ್ತು ನೋಡಿದರು. ಮೂರನೆಯದಕ್ಕೆ ತಡೆಯಲಾಗಲಿಲ್ಲ.

"ಅಲ್ವೇ, ಲಾಭಾನ ಯಾಕೆ ಲೆಕ್ಕಕ್ಕೆ ಸೇರಿಸ್ತೀಯ?"

"ಲಾಭ ಅಂದ್ರೆ ಒಂದೇ ಅಲ್ವಾ ಅತ್ತೆ?" ಅಂದೆ.

"ಅಕ್ಕೀಲಿ ಒಂದು. ಇದೇನು ಅಕ್ಕಿಯಾ? ದಿನಾ ಅನ್ನಕ್ಕಿಡೋ ಮುಂಚೆ ದೇವರ ಡಬ್ಬಿಗೆ ಒಂದು ಹಿಡಿ ಹಾಕ್ತೀವಲ್ಲ, ಅದನ್ನ ಎಣಿಸ್ತೀಯಾ? ಮೀಸಲು ಎತ್ತಿಟ್ಟು ಆಮೇಲೆ ತಾನೇ ನಮ್ಮ ಒಂದು ಶುರುವಾಗೋದು? ಇವರದ್ದೂ ಹಾಗೇ ಇರ್ಬೇಕು. ಮೊದಲ್ನೇ ಪೆಟ್ಟು ಅವನಿಗೆ. ಅವನಿಗೆ ಕೊಟ್ಬಿಟ್ಟು ಒಂದು ಅನ್ನು."

ನಾನು ಕೈ ಎತ್ತಿದೆ. ಲಾಭ ಅಂದು ದೇವರಿಗೆ ಬಿಟ್ಟೆ. ಒಂದು, ಎರಡು, ಮೂರು. ಮೂರಕ್ಕೆ ಜೋರು ಪೆಟ್ಟು ಬಿದ್ದಾಗ ಅಕ್ಕನ ದನಿ ಅಲ್ಲೇ ಬಂದು ಕೂತಿತು, ಮುಚ್ಚಳ ಡಬ್ಬಕ್ಕೆ ಕೂರುವ ಹಾಗೆ. ಆರು, ಎಂಟು, ಹತ್ತು. ಹನ್ನೊಂದು ಮುಗಿದರೆ ಮತ್ತೆ ದೇವರ ಪಾಲು. ನಾಲ್ಕು ಸುತ್ತು ತಪ್ಪಿಲ್ಲದೆ ಹೋಯಿತು. ಅಕ್ಕ ಹಾಡುತ್ತಾ ಹಾಡುತ್ತಾ ಅತ್ತೆಯ ಹತ್ತಿರ ಹೋಗಿ ಅವರ ಎರಡೂ ಕೆನ್ನೆಗೆ ಮುತ್ತಿಟ್ಟುಬಿಟ್ಟರು. ಮಡಿ ಅನ್ನುತ್ತಿದ್ದ ಅತ್ತೆ ಸೆರಗಿನಿಂದ ಕೆನ್ನೆ ಒರೆಸಿಕೊಂಡರು, ಆದರೆ ಮೆಲ್ಲಗೆ. ಚೆಸ್ ಆಡುತ್ತಿದ್ದ ಒಬ್ಬ ಅಂಕಲ್ ಕಾಯಿ ಕೈಯಲ್ಲೇ ಹಿಡಿದು ಹೆಬ್ಬೆರಳು ಎತ್ತಿ ತೋರಿಸಿದರು.

ತಾಳ ಸಿಕ್ಕಿತು, ವೇಗ ಸಿಗಲಿಲ್ಲ. ನಾನು ಭಜನೆಯ ಕೊನೆಯ ಸುತ್ತಿನ ಹಾಗೆ ಓಡಿಸುತ್ತಿದ್ದೆ. ಅದಕ್ಕೆ ಅಕ್ಕ ನನ್ನನ್ನು ಮಕ್ಕಳ ಆಟದ ಜಾಗಕ್ಕೆ ಕರೆದೊಯ್ದರು. ಅಲ್ಲಿ ಎರಡು ಉಯ್ಯಾಲೆಗಳಿದ್ದವು. ಅವರು ಒಂದರಲ್ಲಿ ಕೂತು, ತಳ್ಳು ಅಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ತಳ್ಳಿದೆ. ಹೋಗುವುದು ಒಂದು ಉಸಿರು, ಬರುವುದು ಒಂದು ಉಸಿರು. ತುದಿಯಲ್ಲಿ ಉಯ್ಯಾಲೆ ಒಂದು ಕ್ಷಣ ಎಲ್ಲೂ ಹೋಗದೆ ನಿಲ್ಲುತ್ತದಲ್ಲ, ಅಲ್ಲಿ ಹಾಡಿನ ಸಾಲು ಬಾಗುತ್ತಿತ್ತು. ಸಾಲಿನ ಅರ್ಥವನ್ನೂ ಹೇಳಿದರು. ಹಗ್ಗ ತೂಗುವವಳೇ ಇನ್ನೂ ಮೇಲಕ್ಕೆ ಕಳಿಸು, ಗೋಡೆಯ ಆಚೆ ನಿಂತವನನ್ನು ಒಂದು ಸಲ ನೋಡಿ ಬರುತ್ತೇನೆ ಅಂತ. ಅರವತ್ತರ ಹತ್ತಿರದ ಹೆಂಗಸು ಕಾಲು ಚಾಚಿ ಅದನ್ನು ಹಾಡಿದರೆ ನನಗೆ ನಗೆ ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರೂ ಬಂತು. ನಮ್ಮ ಕಡೆ ಪಂಚಮಿಗೆ ಜೋಕಾಲಿ ಕಟ್ಟುತ್ತಿದ್ದರು. ಉಂಡಿ ತಿಂದು, ಹೊಸ ಬಳೆ ಇಟ್ಟು, ಹಗ್ಗ ಹಿಡಿದರೆ ಹಾಡೂ ಬರಲೇಬೇಕು. ನಾನೂ ಹಾಡುತ್ತಿದ್ದೆ. ಯಾವ ಹಾಡು? ತಳ್ಳುತ್ತಾ ತಳ್ಳುತ್ತಾ ಎಷ್ಟು ಹುಡುಕಿದರೂ ಒಂದು ಸಾಲೂ ಬಾಯಿಗೆ ಬರಲಿಲ್ಲ.

ಪಕ್ಕದ ಉಯ್ಯಾಲೆಯಲ್ಲಿ ಯಾರೋ ಕೂತ ಹಾಗಾಯಿತು. ನೋಡಿದರೆ ಅತ್ತೆ. ಎಪ್ಪತ್ತು ದಾಟಿದವರು ಎರಡೂ ಕೈಯಲ್ಲಿ ಸರಪಳಿ ಹಿಡಿದು, ಮುಖ ಬಿಗಿಮಾಡಿಕೊಂಡು ಕೂತಿದ್ದರು. "ಮೊಮ್ಮಗಳಿಗೆ ಹೇಳ್ಬೇಡ" ಅಂದರು. ಅವರನ್ನೂ ತಳ್ಳಿದೆ. ಮೂವರು ಹೆಂಗಸರು, ಸಂಜೆ ಬಿಸಿಲು, ಯಾರ ಮನೆಯಲ್ಲೂ ಹಾಲು ಉಕ್ಕಲಿಲ್ಲ. ದೇವರು ಕೊಟ್ಟ ಅರ್ಧ ಗಂಟೆ ಅಂತ ಅದನ್ನು ನಾನು ಇವತ್ತಿಗೂ ಎತ್ತಿಟ್ಟುಕೊಂಡಿದ್ದೇನೆ.

ಬುಧವಾರ ಅಧಿಕಾರಿಣಿ ಮೇಜಿನ ಹಿಂದೆ ಕೂತು ಕೇಳಿದಳು. ನಡುವೆ ಫೋನ್ ಬಂತು, ಎತ್ತಲಿಲ್ಲ. ಮುಗಿದ ಮೇಲೆ ಐದು ನಿಮಿಷ, ಅದಕ್ಕಿಂತ ಒಂದು ನಿಮಿಷವೂ ಹೆಚ್ಚಿಲ್ಲ ಅಂತ ಬರೆದುಕೊಂಡಳು. ನನಗೆ ಅಷ್ಟೇ ಸಾಕಾಗಿತ್ತು. ದಾರಿಯಲ್ಲಿ ದೇವಸ್ಥಾನಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿದೆ. ಅಕ್ಕನೂ ಬಂದರು. ಹೊರಗೆ ಚಪ್ಪಲಿ ಬಿಟ್ಟು, ಒಳಗೆ ನಿಂತು, ತಮ್ಮ ರೀತಿಯಲ್ಲಿ ಹಣೆ ಎದೆ ಮುಟ್ಟಿಕೊಂಡರು. ಅರ್ಚಕರು ಅವರ ಕೈಗೂ ತೀರ್ಥ ಹಾಕಿದರು.

ಶನಿವಾರ ಸಂಜೆ ಹಾಲ್ ತುಂಬಿತ್ತು. ನಮ್ಮ ಮನೆಯವರು ಆಫೀಸಿನಿಂದ ನೇರವಾಗಿ ಬಂದಿದ್ದರು. ಮೂರನೆಯ ಸಾಲಿನಲ್ಲಿ ಅತ್ತೆ, ಮೈಸೂರು ರೇಷ್ಮೆ ಉಟ್ಟು. ಮೊದಲ ಸಾಲಿನ ತುದಿಯಲ್ಲಿ ಮಗಳು, ತೊಡೆಯ ಮೇಲೆ ಟೇಪ್ ರೆಕಾರ್ಡರ್. ಮನೇಲಿ ಮಾಡು ಅಂದವಳೇ ಈಗ ಹೊಸ ಬ್ಯಾಟರಿ ಹಾಕಿ, ಕೆಂಪು ಗುಂಡಿ ಒತ್ತುವುದನ್ನು ನಾಲ್ಕು ಸಲ ಪರೀಕ್ಷೆ ಮಾಡಿದ್ದಳು. ಕುಣಿತ ಮುಗಿಯಿತು, ಕೆಂಪು ಲಂಗಗಳಿಗೆ ಜನ ಕೂಗಿ ಮೆಚ್ಚುಗೆ ತೋರಿಸಿದರು. ಆಮೇಲೆ ಎರಡು ಕುರ್ಚಿ ಹಾಕಿದರು, ಒಂದು ಅಕ್ಕನಿಗೆ, ಒಂದು ನನಗೆ.

ಕೂತೆವು. ಮಗಳು ಗುಂಡಿ ಒತ್ತಿದ್ದು ಕಾಣಿಸಿತು. ಕ್ಯಾಸೆಟ್ ತಿರುಗುತ್ತಿತ್ತು. ಅಕ್ಕ ಬಾಯಿ ತೆರೆದರು, ದನಿ ಬರಲಿಲ್ಲ. ಕಣ್ಣು ಮುಚ್ಚಿದರು. ಮತ್ತೆ ತೆರೆದರು. ಅಮ್ಮ ಹೋದ ಮೇಲೆ ಅವರು ಆ ಹಾಡನ್ನು ಜನರ ಮುಂದೆ ಹಾಡೇ ಇರಲಿಲ್ಲ, ಅದು ನನಗೆ ಗೊತ್ತಿತ್ತು. ಐದು ನಿಮಿಷದಲ್ಲಿ ಒಂದು ನಿಮಿಷ ಹೋಗಿರಬೇಕು. ಬದಿಯಲ್ಲಿ ಅಧಿಕಾರಿಣಿ ಗಡಿಯಾರ ನೋಡಿದಳು. ಯಾರೋ ಕೆಮ್ಮಿದರು. ಈ ಹಾಡು ಹೀಗೆ, ನಾನು ಪಕ್ಕದಲ್ಲಿ ಕೂತಿರುವಾಗಲೇ ಹೋಗಿಬಿಡುತ್ತದೆಯೇ ಅನ್ನಿಸಿ, ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಮೈಕಿನೊಳಗೆ ದೊಡ್ಡದಾಗಿ ಅಂದುಬಿಟ್ಟೆ.

"ಲಾಭ!"

ಹಾಲ್ ತುಂಬ ಅದು ಮೊಳಗಿತು. ಮೂರನೆಯ ಸಾಲಿನಿಂದ, ಕಣದಲ್ಲಿ ನಿಂತು ಅಳತೆಗೆ ದನಿಗೂಡಿಸುವವರ ಹಾಗೆ, ಅತ್ತೆಯ ಗಟ್ಟಿ ದನಿ ಬಂತು.

"ಹೂಂ, ಒಂದು!"

ಜನ ನಕ್ಕರು. ಅಕ್ಕನೂ ನಕ್ಕರು, ಹೊಟ್ಟೆಯಿಂದ. ಆ ನಗೆಯ ತುದಿಯಲ್ಲೇ ಅವರ ದನಿ ಬಿಚ್ಚಿಕೊಂಡಿತು. ನಾನು ಕೈ ಎತ್ತಿದೆ. ಮೊದಲ ಪೆಟ್ಟು ಅವನಿಗೆ, ಆಮೇಲೆ ಒಂದು, ಎರಡು, ಮೂರು. ಎದುರಿಗೆ ಜನ ಕಾಣಲಿಲ್ಲ, ಉಯ್ಯಾಲೆ ಕಾಣುತ್ತಿತ್ತು, ಹೋಗುವುದು, ನಿಲ್ಲುವುದು, ಬರುವುದು. ಒಂದು ಕಡೆ, ಎಂಟರ ಹತ್ತಿರ, ನಾನು ತಪ್ಪಿದೆ. ಅಕ್ಕ ಸಾಲನ್ನು ಸ್ವಲ್ಪ ಎಳೆದು ನನಗಾಗಿ ಕಾದರು, ಮುಂದಿನ ಲಾಭಕ್ಕೆ ನಾನು ಬಂದು ಸೇರಿಕೊಂಡೆ. ಮುಗಿದಾಗ ಬಂದ ಚಪ್ಪಾಳೆ ಕೆಂಪು ಲಂಗಕ್ಕೆ ಬಿದ್ದಷ್ಟು ಇರಲಿಲ್ಲ. ಆದರೆ ಬೇಗ ನಿಲ್ಲಲಿಲ್ಲ.

ಕ್ಯಾಸೆಟ್ ಸೋಮವಾರ ಅಂಚೆಗೆ ಹೋಯಿತು. ಲಾಭವೂ ಅತ್ತೆಯ ಒಂದೂ ಅದರಲ್ಲಿ ಸೇರಿಬಿಟ್ಟಿದ್ದವು. ಕತ್ತರಿಸಲು ಬರುತ್ತದೇನೋ ಅಂತ ನಾಚಿಕೆಯಿಂದ ಕೇಳಿದೆ. ಅಕ್ಕ ಕೇಳಿಸದವರ ಹಾಗೆ ಲಕೋಟೆ ಅಂಟಿಸಿದರು.

ಅದೇ ವಾರ ನಾನೂ ಊರಿಗೆ ಅವ್ವನಿಗೆ ಬರೆದೆ, ಪಂಚಮಿಯ ಹಾಡು ನೆನಪಿದ್ದರೆ ಕಳಿಸು ಅಂತ. ಅವ್ವನ ಉತ್ತರ ಬಂತು. "ನಾಕು ಸಾಲು ನೆಪ್ಪ ಅದಾವ, ಬರದೇನಿ. ಉಳದದ್ದು ಜೋಕಾಲಿ ಜೋಡಿ ಹೋತು." ನಾಲ್ಕು ಸಾಲು. ಇಲ್ಲದ್ದಕ್ಕಿಂತ ನಾಲ್ಕು ಹೆಚ್ಚು. ಮಗಳನ್ನು ಕೂರಿಸಿ ಹೇಳಿಕೊಟ್ಟೆ. ನಾಲ್ಕೇನಾ ಅಂದಳು, ಬೇಗ ಮುಗಿಯಿತೆಂದು ಖುಷಿಗೋ, ಇನ್ನೂ ಬೇಕೆಂದೋ, ನಾನು ಕೇಳಲಿಲ್ಲ. ಬಾಯಿಪಾಠ ಮಾತ್ರ ಆಗಿದೆ.

ಎರಡು ವಾರದ ಮೇಲೆ ಒಂದು ಬೆಳಿಗ್ಗೆ ಇಡ್ಲಿಗೆ ಉದ್ದು ರುಬ್ಬುತ್ತಿದ್ದಾಗ ಗೇಟಿನ ಮೇಲೆ ಉಂಗುರ ಬಡಿಯಿತು. ಅಕ್ಕ ಮೆಟ್ಟಿಲು ಇಳಿದು ಓಡಿಬಂದಿದ್ದರು, ಏದುಸಿರು. ಊರಿನಿಂದ ಫೋನ್ ಬಂದಿತ್ತು. ದೊಡ್ಡಕ್ಕನಿಗೆ ದನಿಯಿಲ್ಲ, ಅವರ ಮಗಳು ಮಾತಾಡಿದಳಂತೆ. ಕ್ಯಾಸೆಟ್ ಮೂರು ಸಲ ಕೇಳಿದರಂತೆ. ಮೂರನೆಯ ಸಲ ದೊಡ್ಡಕ್ಕ ಮಂಚದ ಅಂಚಿಗೆ ಕೂತು, ದನಿಯಿಲ್ಲದ ಬಾಯಲ್ಲಿ ಪೂರ್ತಿ ಹಾಡು ಹೇಳಿಕೊಂಡು, ಮಂಡಿಯ ಮೇಲೆ ತಾಳ ತಟ್ಟಿದರಂತೆ. ಆಮೇಲೆ ಕಾಗದ ಪೆನ್ನು ಕೇಳಿ ಒಂದು ಪ್ರಶ್ನೆ ಬರೆದುಕೊಟ್ಟರಂತೆ. ಅಕ್ಕ ಅದನ್ನು ಹೇಳಲು ಹೋಗಿ ನಗು ತಡೆಯಲಾರದೆ ಎರಡು ಸಲ ನಿಲ್ಲಿಸಿದರು.

"ಹಾಡಿನ ಮೊದಲು ಆ ಹೆಂಗಸು ಕೂಗಿ ಕರೆಯುವ ಲಾಭ ಯಾವ ಸಂತ? ಒಳ್ಳೆಯ ಸಂತನೇ ಇರಬೇಕು, ನನ್ನ ತಂಗಿಯ ಬಾಯಿ ಬಿಡಿಸಿದ. ನಾನೂ ಒಂದು ದೀಪ ಹಚ್ಚಿಸುತ್ತೇನೆ."

ಒಳಗಿನಿಂದ ಅತ್ತೆ ಏನಂತೆ ಅಂದರು. ಹೇಳಿದೆ. ಅತ್ತೆ ಸ್ವಲ್ಪ ಯೋಚಿಸಿ, "ಹಚ್ಚಲಿ ಬಿಡು, ಯಾರಿಗೆ ಹಚ್ಚಿದ್ರೂ ಸೇರೋದು ಅಲ್ಲಿಗೇ" ಅಂದರು.

ಅಕ್ಕ ನಗುತ್ತಲೇ ಮೆಟ್ಟಿಲು ಹತ್ತಿದರು. ಗ್ರೈಂಡರಿನಲ್ಲಿ ಉದ್ದು ಉಬ್ಬಿ ಅಂಚಿಗೆ ಬಂದಿತ್ತು. ಓಡಿಹೋಗಿ ಕೈಯಿಂದ ಒಳಗೆ ತಳ್ಳಿ, ಒಂದಿಷ್ಟು ನೀರು ಚಿಮುಕಿಸಿದೆ.